ಬಿಸಿನೀರಿನ ಪಾಲು

ಫುಟ್‌ಬಾಲ್ ಲೀಗಿನ ಹಣ ಎಲ್ಲಿಂದ ಬರುತ್ತದೆ, ಎಲ್ಲಿ ಕರಗುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕೇಳುವವರು ಪಾಪ, ಮಾತಿಗೆ ಕೇಳಿರುತ್ತಾರೆ. ನಾನು ಸೆರಗು ಸಿಕ್ಕಿಸಿಕೊಂಡು ಶುರುಮಾಡಿಬಿಡುತ್ತೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡ ಜರ್ಮನಿಯ ಫೊಯರ್‌ಬಾಕಿನ ಕಾರ್ಖಾನೆಯಲ್ಲಿ ಎಂಜಿನಿಯರ್. ನಮ್ಮ ಮನೆ ರೈಲಿನಲ್ಲಿ ಹೋಗಬೇಕಾದಷ್ಟು ದೂರದ ಚಿಕ್ಕ ಊರಿನಲ್ಲಿ, ಅಲ್ಲಿ ಬಾಡಿಗೆ ಕಡಿಮೆ ಅಂತ. ಆ ಊರಿಗೊಂದು ಫೆರಾಯ್ನ್ ಇತ್ತು, ಅಂದರೆ ಸದಸ್ಯರೇ ಒಡೆಯರಾಗಿರುವ ಕ್ರೀಡಾ ಸಂಘ. ಅದರ ಗಂಡಸರ ತಂಡ ವೃತ್ತಿಪರ ಲೀಗಿನಲ್ಲಿ ಆಡುತ್ತಿತ್ತು. ಹೆಂಗಸರು ಫುಟ್‌ಬಾಲ್ ಆಡಬಾರದೆಂದು ದೇಶದ ಫುಟ್‌ಬಾಲ್ ಒಕ್ಕೂಟ ಹಾಕಿದ್ದ ನಿಷೇಧ ಆಗಷ್ಟೇ ತೊಲಗಿತ್ತು. ಸಂಘದವರು ದೊಡ್ಡ ಮನಸ್ಸು ಮಾಡಿ ಹುಡುಗಿಯರದೊಂದು ತಂಡ ಕಟ್ಟಿದರು. ನಮ್ಮ ಮಗಳು ಅದರ ಗೋಲ್‌ಕೀಪರ್.

ದೊಡ್ಡ ಮನಸ್ಸು ಎಂದೆನಲ್ಲ, ಅದರ ಅಳತೆ ಕೇಳಿ. ಹುಲ್ಲಿನ ಮೈದಾನ ಗಂಡಸರಿಗೆ. ಹುಡುಗಿಯರಿಗೆ ಕುಲುಮೆಯ ಕಿಟ್ಟದ ಪುಡಿ ಹಾಸಿದ ಕಪ್ಪು ನೆಲ. ಅದರ ಮೇಲೆ ಬಿದ್ದರೆ ಮಂಡಿ ತರಚಿ, ಪುಡಿ ಚರ್ಮದೊಳಕ್ಕೇ ಹೋಗುತ್ತಿತ್ತು. ಗೋಲ್‌ಕೀಪರ್ ಅಂದಮೇಲೆ ಬೀಳುವುದೇ ಕೆಲಸ. ತೊಳೆದುಕೊಳ್ಳೋಣವೆಂದರೆ ಬಿಸಿನೀರು ಬರುವ ಗಂಡಸರ ಸ್ನಾನದ ಮನೆಗೆ ಬೀಗ. ಹುಡುಗಿಯರಿಗೆ ಹಿಂದಿನ ಶೆಡ್ಡಿನಲ್ಲಿ ತಣ್ಣೀರಿನ ನಲ್ಲಿ. ನವೆಂಬರ್ ಬಂದಮೇಲೆ ತಾಯಂದಿರು ಒಬ್ಬೊಬ್ಬರೇ ಮಕ್ಕಳನ್ನು ಬಿಡಿಸತೊಡಗಿದರು. ಶೆಡ್ಡಿಗೊಂದು ಬಾಯ್ಲರ್ ಬರದಿದ್ದರೆ ಚಳಿಗಾಲ ಮುಗಿಯುವುದರೊಳಗೆ ತಂಡವೇ ಇರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ನನ್ನ ಮಗಳಿಗೆ ಊಟ ನಿದ್ರೆಗಿಂತ ಆ ತಂಡ ಹೆಚ್ಚಾಗಿತ್ತು.

ಹಣವಿರಲಿಲ್ಲವೇ? ಧಾರಾಳವಾಗಿತ್ತು. ಗೇಟಿನಲ್ಲಿ ಬಂದದ್ದರಲ್ಲಿ ಒಕ್ಕೂಟದ ಪಾಲು ಕಳೆದು ಉಳಿದದ್ದು ಯಾರ ಮೈದಾನವೋ ಅವರದು. ಟಿವಿಯವರು ಕೊಟ್ಟದ್ದನ್ನು ಲೀಗು ಎಲ್ಲ ಸಂಘಗಳಿಗೂ ಹಂಚುತ್ತಿತ್ತು. ಬಡ ಸಂಘವೂ ಬದುಕಬೇಕು, ಹಂಚಿಕೊಂಡರೇ ಲೀಗು ಎಂದು ನಮ್ಮ ಅಧ್ಯಕ್ಷರು ಭಾಷಣ ಬಿಗಿಯುತ್ತಿದ್ದರು. ಆ ನ್ಯಾಯವೆಲ್ಲ ನಮ್ಮ ಗೇಟಿನ ತನಕ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಒಳಗೆ ಬಂದ ದುಡ್ಡು ಬೇರೆ ಸಂಘದಿಂದ ಕೊಂಡು ತಂದ ಒಬ್ಬ ಸ್ಟ್ರೈಕರ್‌ಗೆ, ಅವನ ಕಾರಿಗೆ, ಗಣ್ಯರು ಕೂರುವ ಮೆತ್ತನೆಯ ಕುರ್ಚಿಗಳಿಗೆ. ಆ ಮಹಾರಾಯ ಅರ್ಧ ಋತು ಬೆಂಚಿನ ಮೇಲೇ ಕೂತಿದ್ದ. ಬೆವರದವನಿಗೆ ಬಿಸಿನೀರು!

ಇದರ ಮೇಲೆ ನಮ್ಮ ಚಾಕರಿ ಬೇರೆ. ಪ್ರತಿ ಪಂದ್ಯಕ್ಕೂ ಹೆಂಗಸರು ಕೇಕ್ ಮಾಡಿ ತಂದು ಮಾರುವುದು ಅಲ್ಲಿನ ಪದ್ಧತಿ. ನಾನು ಶಂಕರಪೋಳಿ ಕರಿದು ಒಯ್ಯುತ್ತಿದ್ದೆ. ಬಿಯರಿನ ಜೊತೆ ಅದು ಹಾಟ್‌ಕೇಕಿಗಿಂತ ಬೇಗ ಖರ್ಚಾಗುತ್ತಿತ್ತು. ಅಧ್ಯಕ್ಷರು ಟೈರ್ ಅಂಗಡಿಯ ಮಾಲೀಕರು, ಕೋಟಿನ ಜೇಬಿಗೂ ತುಂಬಿಕೊಳ್ಳುತ್ತಿದ್ದರು. ಮಾರಿದ ದುಡ್ಡೆಲ್ಲ ಸಂಘದ ಪೆಟ್ಟಿಗೆಗೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ವಾರ್ಷಿಕ ಸಭೆ ಬಂತು. ಆ ಸಂಘದಲ್ಲಿ ಮನೆಗೊಂದು ಓಟು, ಅದೂ ಗಂಡಸಿನದು. ನಾನು ಪಕ್ಕದಲ್ಲಿ ಕೂರಬಹುದು, ಮಾತಾಡುವ ಹಾಗಿಲ್ಲ. ದಾರಿಯುದ್ದಕ್ಕೂ ಇವರಿಗೆ ಪಾಠ ಹೇಳಿದೆ.

"ಬಾಯ್ಲರ್ ಬೇಕೇ ಬೇಕು ಅಂತ ಹೇಳ್ರೀ. ಅಷ್ಟೇ. ಬೇರೇನೂ ಮಾತಾಡ್ಬೇಡಿ."

"ಆಯ್ತು ಕಣೇ, ಎಷ್ಟು ಸಲ ಹೇಳ್ತೀಯ? ಮೀಟಿಂಗ್ ನಾನು ಹ್ಯಾಂಡಲ್ ಮಾಡ್ತೀನಿ."

ಮಾಡಿದರು. ಅಧ್ಯಕ್ಷರು ಬಿಯರ್ ಲೋಟ ಕೆಳಗಿಟ್ಟು ನೇರವಾಗಿ ಇವರನ್ನೇ ಕೇಳಿದರು: "ಹೆರ್ ಎಂಜಿನಿಯರ್, ಹುಡುಗಿಯರ ಶೆಡ್ಡಿಗೆ ಬಾಯ್ಲರ್ ಈ ವರ್ಷವೇ ಬೇಕೋ, ಹೇಗೋ ನಡೆಯುತ್ತದೋ?" ಸಭೆಯೆಲ್ಲ ತಿರುಗಿ ನೋಡಿತು. ನನ್ನ ಗಂಡ ಎದ್ದು ನಿಂತು, ಕೈಕೈ ಹಿಸುಕಿಕೊಂಡು, ನಗುತ್ತಾ, ಅಚ್ಚ ಜರ್ಮನ್‌ನಲ್ಲಿ, "ಪರವಾಗಿಲ್ಲ, ಪರವಾಗಿಲ್ಲ, ನಡೆಯುತ್ತದೆ" ಎಂದುಬಿಟ್ಟರು!

ನಮ್ಮ ಕಡೆ ಮೊದಲ 'ಬೇಡ' ಲೆಕ್ಕಕ್ಕೇ ಇಲ್ಲ. ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದವನಿಗೂ ಬಲವಂತ ಮಾಡಿ ಹೋಳಿಗೆ ಬಡಿಸುತ್ತಾರೆ. ಎರಡು ಸಲ ಬೇಡ ಎಂದು ಮೂರನೆಯ ಸಲಕ್ಕೆ ಕೈ ತೆಗೆಯುವುದು ಮರ್ಯಾದೆ. ಜರ್ಮನರು ಒಂದೇ ಸಲ ಕೇಳುತ್ತಾರೆ, ಬೇಡ ಎಂದರೆ ಪಾತ್ರೆ ಎತ್ತಿಕೊಂಡು ಮುಂದೆ ಹೋಗುತ್ತಾರೆ. ಇಷ್ಟು ವರ್ಷ ಅವರ ಜೊತೆ ದುಡಿದ ಮನುಷ್ಯನಿಗೆ ಅಷ್ಟು ತಿಳಿಯಬಾರದೇ? ಗಂಡಸರೆಲ್ಲ ಖುಷಿಯಾಗಿ ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದರು. ಅದು ಅವರ ಚಪ್ಪಾಳೆ. ಬಾಯ್ಲರ್ ಅಲ್ಲಿಗೆ ಮುಗಿಯಿತು, ಮುಂದಿನ ವಿಷಯ ಗಂಡಸರ ಮೈದಾನಕ್ಕೆ ಹೊಸ ದೀಪಗಳು.

"ಇನ್ನೊಂದ್ಸಲ ಕೇಳ್ತಾರೆ ಅಂದ್ಕೊಂಡೆ ಕಣೇ. ಕೇಳಿದ ತಕ್ಷಣ ಬೇಕು ಅನ್ನೋಕೆ ಒಂಥರಾ ಆಗಲ್ವಾ?" ಎಂದರು ಹೊರಗೆ ಬಂದು.

"ಅವರೇನು ನಿಮ್ಮ ಬೀಗರಾ, ಉಪಚಾರ ಮಾಡೋಕೆ?" ಬೀದಿ ಎಂಬುದನ್ನೂ ನೋಡದೆ ಕೂಗಿದೆ.

ಸಿಟ್ಟು ಇವರ ಮೇಲೆ ಒಂದು ಪಾಲಾದರೆ ಆ ಅಧ್ಯಕ್ಷರ ಮೇಲೆ ಹತ್ತು ಪಾಲು. ಇವರದು ಸಂಕೋಚ. ಅವರದು ಲೆಕ್ಕಾಚಾರ. ಸ್ಟ್ರೈಕರ್ ಕೊಳ್ಳುವಾಗ 'ಹೇಗೋ ನಡೆಯುತ್ತದೋ' ಎಂದು ಅವರು ಯಾರನ್ನೂ ಕೇಳಿರಲಿಲ್ಲ.

ಮನೆಯಲ್ಲಿ ಮಗಳು ಕಾಯುತ್ತಿದ್ದಳು. ನಡೆದದ್ದು ತಿಳಿದಮೇಲೆ, ಅಪ್ಪ ಯಾಕೆ ಬೇಡ ಅಂದರು ಎಂದು ಜರ್ಮನ್‌ನಲ್ಲೇ ಕೇಳಿದಳು. ಉಪಚಾರ ಎಂಬುದನ್ನು ಆ ಭಾಷೆಯಲ್ಲಿ ಹೇಗೆ ಹೇಳುವುದೋ ಇವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಜನವರಿಯಲ್ಲಿ ಹನ್ನೊಂದು ಹುಡುಗಿಯರು ಸೇರುವುದೇ ಕಷ್ಟವಾಯಿತು. ಆಸಕ್ತಿ ಇಲ್ಲ ಎಂದು ಸಂಘದವರು ತಂಡ ಮುಚ್ಚಿದರು. ಆಸಕ್ತಿ ಇಲ್ಲವಂತೆ! ಮಗಳು ಕೈಗವಸು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು, ಮತ್ತೆ ಮುಟ್ಟಲಿಲ್ಲ.

ವಸಂತದಲ್ಲಿ, ಇನ್ನೂ ಚಳಿ ಬಿಡದ ಒಂದು ಭಾನುವಾರ ಬೆಳಿಗ್ಗೆ, ಅಧ್ಯಕ್ಷರು ನಮ್ಮ ಬಾಗಿಲಿಗೆ ಬಂದರು. ಕೊನೆಯ ಪಂದ್ಯ ದೊಡ್ಡದು, ಜನ ತುಂಬಾ ಬರುತ್ತಾರೆ, ನಿಮ್ಮ ಆ ಸಿಹಿ ತುಂಡುಗಳು ಬೇಕು ಎಂದರು. ಇಲ್ಲ ಎಂದೆ. ಸ್ವಲ್ಪವಾದರೂ ಎಂದರು. ಇಲ್ಲ ಎಂದೆ. ದಯವಿಟ್ಟು, ಎಲ್ಲರೂ ಅದನ್ನೇ ಕೇಳುತ್ತಾರೆ ಎಂದರು. ಆ ದೇಶದಲ್ಲಿ ಒಂದೇ ಮಾತನ್ನು ಮೂರು ಸಲ ಕೇಳಿದವರನ್ನು ನಾನು ಅದೇ ಮೊದಲು ನೋಡಿದ್ದು.

ಹಿಂದಿನಿಂದ ಇವರು ಕನ್ನಡದಲ್ಲಿ ಪಿಸುಗುಟ್ಟಿದರು: "ಮೂರು ಸಲ ಕೇಳಿದ್ರು ಕಣೇ. ಇನ್ನೂ ಬೇಡ ಅಂದ್ರೆ ಚೆನ್ನಾಗಿರಲ್ಲ."

"ನಾನು ಉಪಚಾರಕ್ಕೆ ಬೇಡ ಅಂತಿಲ್ಲ ರೀ" ಎಂದೆ.

ಅಧ್ಯಕ್ಷರು ಇನ್ನೂ ನಿಂತೇ ಇದ್ದರು. ಒಳಗಿನಿಂದ ಮಗಳ ದನಿ ಕೇಳಿಸಿತು. ಮನೆಯಲ್ಲಿ ಕನ್ನಡವನ್ನೇ ಆಡದವಳು ಅವತ್ತು ಕನ್ನಡದಲ್ಲಿ ಹೇಳಿದಳು: "ಅಮ್ಮಾ, ಬಾಗಿಲು ಹಾಕು. ಚಳಿ."

ಹಾಕಿದೆ.