ಸೆಲ್ವಿ ಪಾಟಿಯ ಕಾಗದದ ಮುಚ್ಚಳ

"ಅಮ್ಮಾ, ಸೆಲ್ವಿ ಪಾಟಿ ಕಾಗದಾನ ಕಿವಿ ಹತ್ರ ಯಾಕೆ ಇಟ್ಕೋತಾರೆ? ಅದೇನು ಹೇಳ್ತದೆ?"

ಐದು ವರ್ಷದ ನವ್ಯ ತುತ್ತು ಬಾಯಲ್ಲಿಟ್ಟುಕೊಂಡೇ ಕೇಳಿದಳು. ಯಾವ ಕಡೆ ಮಡಿಸಬೇಕು ಅಂತ ಹೇಳ್ತದೆ, ಅಂದೆ. ಅದು ಸುಳ್ಳೇನಲ್ಲ. ಪಾಟಿ ಕಾಗದವನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ಒಮ್ಮೆ ಮೀಟುತ್ತಾರೆ. ಟಣಕ್ಕೆಂದರೆ ಡಬ್ಬಿಗೆ, ಮೆತ್ತಗೆ ನುಡಿದರೆ ಮುಚ್ಚಳಕ್ಕೆ, ನುಡಿಯದೇ ಹೋದರೆ ಒಲೆಗೆ.

ಚಾಂಪಿಯನ್ ರೀಫ್ಸ್‌ನ ಈ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ; ತಮಿಳಿನಲ್ಲಿ ಪಾಟಿ ಅಂದರೆ ಅಜ್ಜಿ. ಅವರ ಗಂಡ ವಿಜಯಕುಮಾರ್ ಪೋಸ್ಟರ್ ಅಂಟಿಸುತ್ತಿದ್ದವರು. ಬಂಗಾರಪೇಟೆಯ ಪ್ರೆಸ್ಸಿನಿಂದ ಕಟ್ಟು ತಂದು, ಸೈಕಲ್ಲಿಗೆ ಮೈದಾ ಅಂಟಿನ ಬಕೆಟ್ ನೇತುಹಾಕಿಕೊಂಡು ಊರೆಲ್ಲ ಸುತ್ತುತ್ತಿದ್ದರು. ಸಿನಿಮಾದ್ದು, ಚುನಾವಣೆಯದ್ದು ಮಿಕ್ಕರೆ ಮನೆಗೆ ಬರುತ್ತಿತ್ತು. ಪಾಟಿ ಅದರಲ್ಲಿ ಊಟದಲ್ಲಿ ತೆಗೆದಿಡುವ ನುಗ್ಗೆಸಿಪ್ಪೆ, ಕರಿಬೇವು ಹಾಕಲು ಚೌಕ ಡಬ್ಬಿ, ನೀರಿನ ಚೊಂಬಿಗೆ ಮುಚ್ಚಳ, ಬಿಸಿ ಪಾತ್ರೆಯಡಿಗೆ ಹೆಣೆದ ಚಾಪೆ ಮಾಡುತ್ತಿದ್ದರು. ಶಾಯಿ ತಾಗಬಾರದೆಂದು ಬಿಳಿ ಮಗ್ಗುಲು ಯಾವಾಗಲೂ ಒಳಗೆ. ಲೀಡರುಗಳ ಮುಖ ಮಾತ್ರ ಬೇಕೆಂತಲೇ ಬಿಸಿ ಪಾತ್ರೆಯ ಕೆಳಗೆ. ಅವರಿಗೇನೂ ಸುಡಲ್ಲ ಬಿಡು ಅನ್ನುತ್ತಿದ್ದರು.

ಸತ್ತವರ ಫೋಟೋ ಹಾಕಿ ಅಚ್ಚು ಮಾಡಿಸುವ ‘ಕಣ್ಣೀರಿನ ಅಂಜಲಿ’ ಪೋಸ್ಟರ್ ಮಾತ್ರ ಆ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಮಿಕ್ಕರೆ ವಿಜಯಕುಮಾರ್ ಇನ್ನೊಂದು ಗೋಡೆ ಹುಡುಕಿ ಅಂಟಿಸಿಯೇ ಬರುತ್ತಿದ್ದರಂತೆ. ಮಳೆ ಬಂದು ತಾನೇ ತೊಳೆದುಕೊಂಡು ಹೋಗಬೇಕು, ಮನುಷ್ಯರು ಕೀಳಬಾರದು ಅನ್ನುವುದು ಅವರ ನೇಮ.

ಹೋದ ವರ್ಷ ಅವರೇ ಹೋದರು. ಪ್ರೆಸ್ಸಿನವರು ಪ್ರೀತಿಗೆ ಅವರದೇ ಅಂಜಲಿ ಅಚ್ಚು ಹಾಕಿಕೊಟ್ಟರು. ಇದ್ದದ್ದು ರೇಷನ್ ಕಾರ್ಡಿನ ಫೋಟೋ ಒಂದೇ. ಹಿಗ್ಗಿಸಿದರೆ ಕಲಸಿಹೋಗುತ್ತದೆಂದು ನಡುವೆ ಅಂಗೈಯಷ್ಟೇ ಮುಖ ಇಟ್ಟರು. ಕೈಗೆ ಸಿಕ್ಕ ನಾಲ್ಕು ಗೋಡೆಗೆ ಯಾರೋ ಅಂಟಿಸಿದರು. ಮಿಕ್ಕವಕ್ಕೆ ಗೋಡೆ ಹುಡುಕುವವರು ಇರಲಿಲ್ಲ. ಕಟ್ಟು ಪಾಟಿಯ ಮಂಚದಡಿ ಸೇರಿತು.

ನವ್ಯ ಮಲಗಿದ ಮಧ್ಯಾಹ್ನಗಳಲ್ಲಿ ನಾನು ಪಾಟಿಯ ಜಗುಲಿಯಲ್ಲಿ ಕೂತು ಮಡಿಕೆ ಕಲಿಯುತ್ತೇನೆ. ಎದುರಿಗೆ ಗಣಿಯ ಸೈನೈಡ್ ದಿಬ್ಬಗಳು, ಚಿನ್ನ ತೆಗೆದು ಸುರಿದ ಮಣ್ಣಿನ ಗುಡ್ಡಗಳು, ಬಿಸಿಲಲ್ಲಿ ಬೆಳ್ಳಗೆ, ಯಾರೋ ಮಡಿಸಿ ಮತ್ತೆ ಬಿಚ್ಚಿಟ್ಟ ದೊಡ್ಡ ಹಾಳೆಯ ಹಾಗೆ ಕಾಣುತ್ತವೆ. ಕೇಳುವುದು ಕಾಗದದ ಸರಸರ ಮಾತ್ರ. ಕೆಲವೊಮ್ಮೆ ನನಗೂ ತೂಕಡಿಕೆ ಬಂದು, ಸೈಕಲ್ ಬೆಲ್ಲು ಕೇಳಿದಂತಾಗುತ್ತದೆ. ಪಾಟಿಯೂ ಅದೇ ಕ್ಷಣ ತಲೆ ಎತ್ತುತ್ತಾರೆ.

ಇವತ್ತು ಹೋದಾಗ ಮಂಚ ಪಕ್ಕಕ್ಕೆ ಸರಿದಿತ್ತು. ಕಟ್ಟಿನ ಒಂದು ಅಂಚಿಗೆ ಗೆದ್ದಲು ಹತ್ತಿತ್ತು. ಪಾಟಿ ಮೇಲಿನದೊಂದು ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡಿದ್ದರು. ಕಿವಿಯ ಬಳಿ ಹಿಡಿದು ಮೀಟಿದರು. ಒಳ್ಳೆಯ ಕಾಗದ, ಮೆತ್ತಗೆ ನುಡಿಯಿತು. ಅರ್ಧಕ್ಕೆ ಮಡಿಸಲು ಅಂಚಿಗೆ ಅಂಚು ಕೂಡಿಸಿದರು. ಉಗುರಿನಿಂದ ಗೀರಲಾರದೆ ಬಿಟ್ಟರು. ಆ ಮೊದಲ ಮಡಿಕೆ ಸರಿಯಾಗಿ ಮೂಗಿನ ಮೇಲೆ ಬೀಳುತ್ತಿತ್ತು.

ಡಬ್ಬಿ ಮಾಡಿದರೆ ಮುಖ ತಳಕ್ಕೆ ಹೋಗುತ್ತದೆ, ಮುಚ್ಚಳ ಮಾಡಿದರೆ ಮೇಲಿರುತ್ತದೆ, ಅಂದೆ. ನಡುವೆ ಗೀರಬೇಕಿಲ್ಲ, ಎರಡು ತುದಿಯಲ್ಲಿ ಚಿವುಟಿ ಗುರುತು ಮಾಡಿಕೊಂಡರೂ ಆಗುತ್ತದಲ್ಲ? ಪಾಟಿ ಹಾಳೆಯನ್ನು ನನ್ನ ಮಡಿಲಿಗೆ ಜಾರಿಸಿದರು.

"ನೀನೇ ಮಡ್ಚಿಕೊಡು ಕಣ್ಣಮ್ಮಾ, ನನ್ ಕೈ ನಿಂತೋಯ್ತದೆ. ಒಂದು ಸಾಕು, ಮಿಕ್ಕಿದ್ದು ಗೆದ್ದಲು ತಿಂದ್ರೂ ತಿನ್ಲಿ. ಅವ್ರು ಚೊಂಬಿನ ಮೇಲೆ ಕುಂತ್ಕೊಂಡು ನಾನು ಉಂಡ್ನಾ ಇಲ್ವಾ ಅಂತ ನೋಡ್ಕೊಳ್ಲಿ. ಮೂಗಿನ್ ಮ್ಯಾಲೆ ಮಾತ್ರ ಉಗುರು ತಾಗಿಸ್ಬ್ಯಾಡ, ಆಯ್ತಾ?"