ಸುಣ್ಣ ತೀಡಿ ನೋಡುವವರು

ಕೊಪ್ಪದಲ್ಲಿ ನಮ್ಮ ಪಕ್ಕದ ಮನೆ ಯಜಮಾನರು ಕೆಂಪಗಿರುವ ಯಾವ ತಿಂಡಿಯನ್ನೂ ಎಲೆಯಡಿಕೆಯ ಸುಣ್ಣ ತೀಡಿ ನೋಡದೆ ಮುಟ್ಟುತ್ತಿರಲಿಲ್ಲ. ಬೀಟ್‌ರೂಟಿನ ಕೆಂಪಾದರೆ ಸುಣ್ಣ ತಾಗಿ ಹಳದಿಯಾಗುತ್ತದೆ, ಅಂಗಡಿಯ ಪುಡಿಬಣ್ಣವಾದರೆ ಕೆಂಪಾಗಿಯೇ ಉಳಿಯುತ್ತದೆ. "ನೋಡದೆ ನಂಬಬಾರ್ದು ಮಾರಾಯ" ಎನ್ನುತ್ತಿದ್ದರು.

ಒಮ್ಮೆ ಪೇಟೆಯಲ್ಲಿ ಹಾಡಿನ ಸಿಡಿ ಅಂಗಡಿ ಎದುರು ಒಬ್ಬ, ಬೀಟ್‌ರೂಟಿನ ಬಣ್ಣವೇ ಮಂಡಿಯ ಬಾವು ಇಳಿಸುತ್ತದೆಂದು ಬಾಟಲಿ ಮಾರುತ್ತಿದ್ದ. ಮಂಡಿ ಊದಿದ್ದ ಇವರು ಅಂಗೈಗೆ ಎರಡು ಹನಿ ಹಾಕಿಸಿಕೊಂಡು ಸುಣ್ಣ ತೀಡಿದರು. ಕೆಂಪು ಕದಲಲಿಲ್ಲ. ಅಂಗೈಯನ್ನು ಅವನ ಮುಖಕ್ಕೆ ಹಿಡಿದು, ಕುಂಟುತ್ತ ಮನೆಗೆ ಬಂದರು.

ಮರುದಿನ ಅವರ ಹೆಂಡತಿ ತಾವೇ ಬೀಟ್‌ರೂಟ್ ತುರಿದು, ಹಿಂಡಿ, ಲೋಟ ತಂದಿಟ್ಟರು. ಜಗಲಿಯಲ್ಲಿ ನಾನೂ ಇದ್ದೆ. ಇವರ ಕೈ ಲೋಟ ಬಿಟ್ಟು ಸುಣ್ಣದ ಡಬ್ಬಿಗೆ ಹೋಯಿತು. ಹನಿ ಹಳದಿಯಾದ ಮೇಲೆಯೇ ಕುಡಿದರು. ಆಕೆ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಅದರ ಮಾರನೇ ದಿನ ಲೋಟದ ಪಕ್ಕ ಡಬ್ಬಿಯನ್ನೂ ಆಕೆಯೇ ತಂದಿಟ್ಟರು. "ನೋಡ್ಕೊಂಡೇ ಕುಡೀರಿ."

ಅವರು ನೋಡಿಕೊಂಡೇ ಕುಡಿದರು.