ಉಂಡು ಏಳು, ಪತ್ತೇದಾರ

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಟಿ.ವಿ.ಯಲ್ಲಿ ಒಬ್ಬ ಖಳನಾಯಕ ನಾಯಕನ ಎದೆಗೆ ಪಿಸ್ತೂಲು ಹಿಡಿದು ಐದು ನಿಮಿಷದಿಂದ ಮಾತಾಡುತ್ತಿದ್ದ. "ಇನ್ನು ನಿನ್ನ ಕಥೆ ಮುಗಿಯಿತು" ಎಂದು ಮೂರು ಸಲ ಹೇಳಿದ, ಕಥೆ ಮುಗಿಯಲಿಲ್ಲ. ಮೊಮ್ಮಗಳಿಗೆ ರೇಗಿತು.

"ಅಜ್ಜಾ, ಇಂವ ಹೊಡೂದು ಬಿಟ್ಟು ಹೇಳ್ತಾ ಕೂತದ್ದು ಎಂತಕ್ಕೆ?"

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ನನ್ನ ಹೆಂಡತಿಯ ಉತ್ತರ ಬಂತು: "ಹೇಳದೇ ಕೊಲ್ಲೂದು ನಿನ್ನ ಅಜ್ಜನ ಪದ್ಧತಿ."

ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ. ಇಷ್ಟು ವರ್ಷ ಅವಳಿಗೆ ಗೊತ್ತಿಲ್ಲವೆಂದುಕೊಂಡಿದ್ದೆ. ಗೊತ್ತಾದ ಮೇಲೆ ನಿಮ್ಮಿಂದ ಮುಚ್ಚಿಟ್ಟು ಏನು ಲಾಭ, ಕೇಳಿ.

ಅರವತ್ತರ ದಶಕದ ಮೊದಲ ವರ್ಷಗಳು. ಕುಮಟೆಯಲ್ಲಿ ನಾನು ಶಾಲಾ ಮಾಸ್ತರ, ಹೊಸ ಮದುಮಗ. ನಾವು ನಾಲ್ಕಾರು ಜನ ಸೇರಿ ಕೈಬರಹದ ಮಾಸಿಕವೊಂದನ್ನು ನಡೆಸುತ್ತಿದ್ದೆವು. ತಿಂಗಳಿಗೆ ಒಂದೇ ಪ್ರತಿ. ಅದು ಮನೆಯಿಂದ ಮನೆಗೆ ತಿರುಗಿ, ಬಸ್ಸು ಹತ್ತಿ ಹೊನ್ನಾವರಕ್ಕೆ ಹೋಗಿ, ಲಾಂಚಿನಲ್ಲಿ ಶರಾವತಿ ದಾಟಿ ಭಟ್ಕಳ ನೋಡಿಕೊಂಡು, ಅರಿಶಿನದ ಕಲೆ, ಮೀನಿನ ವಾಸನೆ ಹೊತ್ತು ವಾಪಸಾಗುತ್ತಿತ್ತು. ಕೊನೆಯಲ್ಲಿ ನಾಲ್ಕು ಖಾಲಿ ಹಾಳೆ ಇರುತ್ತಿತ್ತು, ಓದಿದವರು ಅಭಿಪ್ರಾಯ ಬರೆಯಲಿಕ್ಕೆ. ಎಲ್ಲರ ಬರಹವನ್ನೂ ಪ್ರತಿ ಮಾಡುವವನು ನಾನು. ನನ್ನ ಅಕ್ಷರ ಅಷ್ಟು ದುಂಡಗಿತ್ತು. ಇದೊಂದು ವಿಷಯದಲ್ಲಿ ನನಗೆ ಈಗಲೂ ವಿನಯವಿಲ್ಲ.

ಅದರಲ್ಲಿ ಎರಡು ಪತ್ತೇದಾರಿ ಧಾರಾವಾಹಿ ಬರುತ್ತಿದ್ದವು. ಒಂದು ನನ್ನದು. ನನ್ನ ಖಳ ತುಟಿ ಬಿಚ್ಚುವವನಲ್ಲ. ಕೊಲ್ಲಲು ಬಂದವನು ಭಾಷಣ ಮಾಡುತ್ತಾನೆಯೇ ಎಂಬುದು ನನ್ನ ತರ್ಕ. ಇನ್ನೊಂದು ದವಾಖಾನೆಯ ಕಂಪೌಂಡರ್ ವಾಮನನದು. ಅವನ ಖಳ ಮೊದಲು ಹೇಳಿಯೇ ಕೊಲ್ಲುವವನು. "ಪತ್ತೇದಾರ, ಗಡಿಯಾರಕ್ಕೆ ಇನ್ನು ಕೀಲಿ ಕೊಡಬೇಡ. ಈಗಿರುವ ಓಟವೇ ನಿನಗೆ ಸಾಕು" ಎಂದು ಒಂದು ಸಂಚಿಕೆಯಲ್ಲಿ ಬರೆದ, ನೋಡಿ, ಪೇಟೆಯೆಲ್ಲ ಅದೇ ಮಾತು. ಕ್ಷೌರದಂಗಡಿಯಲ್ಲಿ ಅದು, ಬಸ್ಸಿನ ಕಂಡಕ್ಟರನ ಬಾಯಲ್ಲೂ ಅದು. ನನ್ನ ಕಥೆಯಲ್ಲಿ ಅಷ್ಟರೊಳಗೆ ಹನ್ನೊಂದು ಜನ ಸತ್ತಿದ್ದರು. ಯಾರೂ ವಿಚಾರಿಸಲಿಲ್ಲ.

ಹೊಟ್ಟೆಕಿಚ್ಚಾಯಿತು. ಬೇರೆ ನಾಜೂಕಿನ ಶಬ್ದ ಹುಡುಕುವುದಿಲ್ಲ. ಪೇಟೆಯವರು ಹೋಗಲಿ, ವಾಮನ ತಂದುಕೊಟ್ಟ ಹಾಳೆಗಳನ್ನು ನನಗಿಂತ ಮೊದಲು ನನ್ನ ಹೆಂಡತಿ ಓದುತ್ತಿದ್ದಳು, ಒಲೆಯ ಮುಂದೆ ಕೂತು, ಒಬ್ಬಳೇ ನಗುತ್ತ. ನನ್ನ ಹಾಳೆಗಳಿಗೆ "ಪುರಸೊತ್ತಾದಾಗ ಓದ್ತೆ, ಅಲ್ಲಿಡಿ" ಎನ್ನುತ್ತಿದ್ದಳು.

ಈ ಪುಣ್ಯಾತ್ಮನಿಗೆ ಇಂಥ ಮಾತು ಎಲ್ಲಿಂದ ಬರುತ್ತದೆಂದು ತಲೆ ಕೆಡಿಸಿಕೊಂಡಿದ್ದೆ. ಒಮ್ಮೆ ಜ್ವರ ಬಂದು ಇಂಜೆಕ್ಷನ್ನಿಗೆ ಹೋದಾಗ ತಿಳಿಯಿತು. "ಮಾಸ್ತರೆ, ಈಗ ಚುಚ್ತೆ. ನೋಯ್ತದೆ. ಹತ್ತು ಎಣ್ಸೂದ್ರೊಳಗೆ ಆತು" ಎಂದ. ಹೇಳದೇ ಯಾರ ತೋಳಿಗೂ ಸೂಜಿ ಹಾಕಲಾರದ ಮನುಷ್ಯ ಅವನು. ಅವನ ಖಳನೂ ಅವನ ಶಿಷ್ಯನೇ. ಇದು ತಿಳಿದ ಮೇಲೆ ಜ್ವರ ಇಳಿಯಿತು, ಕಿಚ್ಚು ಇಳಿಯಲಿಲ್ಲ.

ವಾಮನನ ಮುಂದಿನ ಕಂತಿನಲ್ಲಿ ಖಳ ಪತ್ತೇದಾರನ ಗೆಳೆಯನನ್ನು ಕೊಂದು, ಪತ್ತೇದಾರನನ್ನು ಊಟಕ್ಕೆ ಕರೆಯುತ್ತಾನೆ. ಎಲೆಯ ಮುಂದೆ ಅವನು ಆಡುವ ಮಾತನ್ನು ಎರಡೆರಡು ಸಲ ಓದಿದೆ. ಇಂಥ ಸಾಲು ನನ್ನ ಜನ್ಮದಲ್ಲಿ ನನಗೆ ಬರುವುದಿಲ್ಲವೆಂದು ಆ ಕ್ಷಣವೇ ಗೊತ್ತಾಯಿತು. ಪ್ರತಿ ಮಾಡುವಾಗ ಅದನ್ನು ಬಿಟ್ಟೆ. ಜಾಗ ಖಾಲಿ ಕಾಣಬಾರದಲ್ಲ, ಅಲ್ಲೊಂದು ಮಲ್ಲಿಗೆ ಬಳ್ಳಿ ಬಿಡಿಸಿದೆ. ವಾಮನನ ಹಾಳೆ ಒಲೆಗೆ ಹೋಯಿತು.

ಪತ್ತೇದಾರ ಉಂಡ, ಖಳ ಸುಮ್ಮನಿದ್ದ. ಹೊನ್ನಾವರದ ಒಬ್ಬರು ಅಭಿಪ್ರಾಯದ ಹಾಳೆಯಲ್ಲಿ, "ಈ ಸಲ ಖಳನಿಗೆ ಮೈಯಲ್ಲಿ ಹುಷಾರಿಲ್ಲವೇ?" ಎಂದು ಬರೆದಿದ್ದರು. ಓದಿ ಖುಷಿಪಟ್ಟೆ.

ವಾಮನ ಸಂಚಿಕೆ ಹಿಡಿದು ಮನೆಗೆ ಬಂದ. ಜಗಳವಾಡಿದ್ದರೆ ಒಳ್ಳೆಯದಿತ್ತು. ಬಳ್ಳಿಯನ್ನೇ ನೋಡಿ, "ಚೆಂದ ಬಂತು" ಎಂದ. ಆಮೇಲೆ ಮೆಲ್ಲಗೆ ಕೇಳಿದ: "ಆ ಮಾತು ಸರಿ ಕಾಣ್ಲಿಲ್ಲ, ಅಲ್ದಾ ಮಾಸ್ತರೆ? ನಾ ಔಷಧಿ ಕಲಸೂವಂವ, ನಿಮಗಾದ್ರೆ ಗೊತ್ತಿರ್ತದೆ."

"ಸ್ವಲ್ಪ ಅತಿಯಾಗಿತ್ತು" ಎಂದೆ.

ನಂಬಿಬಿಟ್ಟ. ಎರಡು ಕಂತಿನಲ್ಲಿ ಅವಸರವಾಗಿ ಕಥೆ ಮುಗಿಸಿದ. ಮತ್ತೆ ಎಂದೂ ಬರೆಯಲಿಲ್ಲ. ಮಾಸಿಕವೂ ಹೆಚ್ಚು ದಿನ ಬಾಳಲಿಲ್ಲ. ವಾಮನ ತೀರಿಕೊಂಡು ಈಗ ಇಪ್ಪತ್ತು ವರ್ಷವಾಗಿರಬೇಕು.

ಮೊನ್ನೆ ತಟ್ಟೆ ಬಿಟ್ಟು ಏಳಲು ನೋಡಿದೆ. ಹೆಂಡತಿ ಮಜ್ಜಿಗೆಯ ಪಾತ್ರೆ ಹಿಡಿದು ಎದುರು ನಿಂತಳು. ಸ್ವರ ಬದಲಿಸಿ ಹೇಳಿದಳು: "ಮಜ್ಜಿಗೆ ಅನ್ನ ಬಾಕಿ ಇದೆ. ಉಂಡು ಏಳು, ಪತ್ತೇದಾರ. ನನ್ನ ಮನೆಯಲ್ಲಿ ಅರ್ಧ ಊಟಕ್ಕೆ ಎದ್ದವರಿಲ್ಲ. ಪೂರ್ತಿ ಉಂಡು ಹೊಸಿಲು ದಾಟಿದವರೂ ಇಲ್ಲ."

ನಾನು ಬಿಟ್ಟ ಅದೇ ಸಾಲು. ಒಂದಕ್ಷರ ಆಚೀಚೆ ಇಲ್ಲ.

"ನೀವು ಆ ಹಾಳೆ ಓದೂವಾಗ ನಿಮ್ಮ ಮುಖ ನೋಡ್ದೆ" ಎಂದಳು. "ಇದು ಉಳೂದಿಲ್ಲ ಅಂತ ಗೊತ್ತಾತು. ಬಾಯಿಪಾಠ ಮಾಡ್ಕಂಡೆ."

"ವಾಮನನಿಗೆ ಹೇಳಲಿಲ್ಲವೇ?"

"ನೀವು ಹೇಳ್ತ್ರಿ ಅಂತ ಕಾದೆ."

ಮಜ್ಜಿಗೆ ಅನ್ನ ಉಂಡೆ. ಕೈ ತೊಳೆದು ಕಪಾಟಿನಿಂದ ಆ ಸಂಚಿಕೆ ತೆಗೆದೆ. ಬಳ್ಳಿಯ ಕೆಳಗೆ ಅವಳು ಹೇಳಿದ್ದನ್ನು ಬರೆದೆ. ಅಕ್ಷರ ಈಗ ದುಂಡಗೆ ಬರುವುದಿಲ್ಲ. ಓದಿ ನೋಡಿದರೆ ಹಾಳಾದ್ದು, ಇವತ್ತಿಗೂ ಹೊಟ್ಟೆ ಉರಿಯಿತು. ಕೊನೆಯ ಹಾಳೆ ತಿರುಗಿಸಿದೆ. ಹೊನ್ನಾವರದವರ ಮಾತಿನ ಕೆಳಗೆ ಇನ್ನೂ ಒಂದು ಸಾಲಿಗೆ ಜಾಗವಿತ್ತು. ನನ್ನ ಅಭಿಪ್ರಾಯ ಬರೆದು ಸಹಿ ಹಾಕಿದೆ: "ಅತಿಯಾಗಿರಲಿಲ್ಲ, ವಾಮನ."